ಬೂದಿಯ ಹೊಟ್ಟೆ, ಅತ್ತೆಯ ಗುಟ್ಟು

ನಮ್ಮ ಬೆಕ್ಕು ಬೂದಿಗೆ ಹೊಟ್ಟೆ ಸರಿಯಿಲ್ಲ ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಷ್ಟು ಸರಿಯಿಲ್ಲ ಅನ್ನೋದು ಅತ್ತೆಗೆ ಮಾತ್ರ ಗೊತ್ತಿತ್ತು. ಇದು ಬಯಲಾಗಿದ್ದು ಮೊನ್ನೆ ಸೋಮವಾರ, ಡಾಕ್ಟರ ಮುಂದೆ.

"ವಾಂತಿ ಎಷ್ಟು ದಿನಕ್ಕೊಮ್ಮೆ?" ಅಂತ ಕೇಳಿದರು. "ವಾರಕ್ಕೊಂದು ಸಲ ಇರಬಹುದು" ಅಂದೆ. ಹಿಂದೆ ಬುಟ್ಟಿ ಹಿಡಿದು ನಿಂತಿದ್ದ ಅತ್ತೆ ಮೆಲ್ಲಗೆ, "ಇಲ್ಲ ತಾಯಿ, ದಿನಾ ಮಾಡುತ್ತೆ" ಅಂದರು. ಆಮೇಲೆ ಡಾಕ್ಟರ್ ಕೇಳಿದ್ದಕ್ಕೆಲ್ಲ ಅವರದ್ದೇ ಉತ್ತರ. ಬೆಳಗಿನ ಜಾವ ಹಳದಿ ನೊರೆ. ಕೆಲವು ಸಲ ತಿಂದ ಅನ್ನ ಹಾಗೇ ಆಚೆ. ಕಕ್ಕ ಅಂಬಲಿಯ ಹಾಗೆ. ದೀಪಾವಳಿಯಿಂದ ಹೀಗೇ. ಬೂದಿಯನ್ನು ತೂಕಕ್ಕೆ ಇಟ್ಟರು. ನಾಲ್ಕು ಕೆಜಿ ಇದ್ದವಳು ಮೂರಕ್ಕೆ ಇಳಿದಿದ್ದಾಳೆ. ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆ ಒಂದೊಂದಾಗಿ ಸಿಗುತ್ತೆ.

ಬರುವಾಗ ಆಟೋದಲ್ಲಿ ಕೇಳಿದೆ, "ಯಾಕೆ ಹೇಳಲಿಲ್ಲ ಅತ್ತೆ?"

"ಹೇಳಿದ್ರೆ ನಿಮ್ಮ ಮಾವ ಗೋಣಿಚೀಲ ತರ್ತಾರೆ."

ಈ ಮಾತು ವಾರವಿಡೀ ನನ್ನ ತಲೆಯಿಂದ ಇಳಿದಿಲ್ಲ. ನಾನು ಈ ಮನೆಗೆ ಬರುವ ಮೊದಲು ಇನ್ನೊಂದು ಬೆಕ್ಕಿತ್ತಂತೆ. ಹಾಸಿಗೆ ಹೊಲಸು ಮಾಡಿತು ಅಂತ ಮಾವ ಅದನ್ನು ಚೀಲದಲ್ಲಿ ಹಾಕಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬಂದರಂತೆ. ಅಲ್ಲಿ ತಿನ್ನೋಕೆ ಸಿಗುತ್ತೆ ಅಂತ ಅವರ ಲೆಕ್ಕ. ಮಾವ ಕೆಟ್ಟವರಲ್ಲ. ಆದರೆ ಹೇಳಿದ ಮೇಲೆ ಮುಗಿಯಿತು, ಇನ್ನೊಬ್ಬರನ್ನು ಕೇಳುವ ಅಭ್ಯಾಸವೇ ಇಲ್ಲ. ಈ ಸಂಗತಿ ಕೇಳಿದರೆ ಅವರಿಗೆ ಸರಿಯಾಗಿ ನೆನಪೂ ಇಲ್ಲ. ಅತ್ತೆ ಮಾತ್ರ ಇಷ್ಟು ತಿಂಗಳು ಐದು ಗಂಟೆಗೇ ಎದ್ದು, ಮಾವ ಏಳುವಷ್ಟರಲ್ಲಿ ಫಿನಾಯಿಲ್ ಹಾಕಿ ನೆಲ ಒರೆಸಿಟ್ಟಿದ್ದಾರೆ.

ಈ ಡಾಕ್ಟರ್ ನನಗೆ ತುಂಬಾ ಹಿಡಿಸಿದರು. ಚಿಕ್ಕ ವಯಸ್ಸು, ಅವಸರವಿಲ್ಲ. ಅತ್ತೆಯನ್ನು ಕೂರಿಸಿ ಎಲ್ಲ ವಿವರಿಸಿದರು. ಮೂರು ವಾರ ದಾಟಿದ ವಾಂತಿ-ಭೇದಿಯನ್ನು ನೆಕ್ಕಿ ನುಂಗಿದ ಕೂದಲಿನ ಉಂಡೆ ಅಂತ ಬಿಡಬಾರದು. ಆಹಾರ ಒಗ್ಗದೆ ಇರಬಹುದು, ಕರುಳು ಊದಿಕೊಂಡಿರಬಹುದು. ವಯಸ್ಸಾದ ಬೆಕ್ಕಿನಲ್ಲಿ ಕರುಳಿನ ಕ್ಯಾನ್ಸರ್ ಕೂಡ ಹೀಗೇ ಕಾಣುತ್ತೆ. ಅದಕ್ಕೇ ಸ್ಕ್ಯಾನಿಂಗ್. ರಕ್ತದಲ್ಲಿ ವಿಟಮಿನ್ ಬಿ12 ಕಡಿಮೆ ಬಂತು. ಸಣ್ಣ ಕರುಳಿನ ಕೊನೆಯ ಭಾಗ ಅದನ್ನು ಹೀರಿಕೊಳ್ಳಬೇಕು, ಅಲ್ಲೇ ತೊಂದರೆಯಾದರೆ ಹೀರೋದು ಹೇಗೆ? ವಾರಕ್ಕೊಂದರಂತೆ ಆರು ಇಂಜೆಕ್ಷನ್. ಹಾಲು ಪೂರ್ತಿ ಬಂದ್. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗೋದಿಲ್ಲವಂತೆ. ಅವರು ಬರೆದುಕೊಟ್ಟ ಆಹಾರ ಬಿಟ್ಟು ಬೇರೆ ಒಂದು ತುಣುಕೂ ಕೊಡುವಂತಿಲ್ಲ.

ಹಾಲಿನ ಮಾತು ಕೇಳಿ ಅತ್ತೆಯ ಮುಖ ಸಣ್ಣದಾಯಿತು. ಬಳಲಿದ್ದಾಳೆ ಅಂತ ಅವರೇ ರಾತ್ರಿ ಒಂದು ಬಟ್ಟಲು ಜಾಸ್ತಿ ಇಡುತ್ತಿದ್ದರಂತೆ.

ಆದರೂ ನನ್ನ ಮನಸ್ಸು ಗೋಣಿಚೀಲದ ಮಾತಿಗೇ ಹೋಗಿ ನಿಲ್ಲುತ್ತೆ. ಬೆಕ್ಕು ತನ್ನ ನೋವು ಬಚ್ಚಿಡುತ್ತೆ ಅಂತಾರೆ. ಇಲ್ಲಿ ಅದನ್ನು ಬಚ್ಚಿಟ್ಟಿದ್ದು ಪ್ರೀತಿಸುವ ಮನುಷ್ಯರೇ, ಹೆದರಿಕೆಯಿಂದ. ಕೆಮ್ಮು ಅಂದರೆ ಕೆಲಸ ಬಿಡಿಸುತ್ತಾರೆ ಅಂತ ಬಾಯಿ ಮುಚ್ಚಿಕೊಂಡು ಪಾತ್ರೆ ತೊಳೆಯುವ ಹೆಂಗಸರಿದ್ದಾರೆ. ಮಗನ ಮನೆಯಲ್ಲಿ ಭಾರ ಆಗ್ತೀನಿ ಅಂತ ಮಂಡಿನೋವು ನುಂಗಿಕೊಂಡಿರುವ ಅಜ್ಜಿಯರಿದ್ದಾರೆ. ಅತ್ತೆ ತಾವೂ ಊಟ ಆದ ಮೇಲೆ ದಿನಾ ಜೀರಿಗೆ ನೀರು ಕುಡಿಯುತ್ತಾರೆ. "ಯಾಕೆ?" ಅಂದರೆ "ಸುಮ್ನೆ" ಅಂತಾರೆ. ಈಗ ಆ "ಸುಮ್ನೆ"ಯನ್ನು ನಾನು ನಂಬೋದಿಲ್ಲ.

ಮಾವನಿಗೆ ನೇರವಾಗಿ ಹೇಳಿಬಿಟ್ಟೆ. "ನಾನ್ಯಾಕೆ ಬಿಟ್ಟು ಬರ್ತೀನಿ?" ಅಂತ ರೇಗಿದರು. ಮಾರನೇ ದಿನ ವಾಂತಿ ಆದದ್ದನ್ನು ತಾವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು, ಡಾಕ್ಟರ್ ಬರೆದಿಡೋಕೆ ಹೇಳಿದ್ದರಲ್ಲ. ಅತ್ತೆ ಅದನ್ನು ನೋಡಿಯೂ ಇನ್ನೂ ನಂಬಿಲ್ಲ. ನಂಬಬೇಕು ಅಂತ ನಾನೂ ಒತ್ತಾಯ ಮಾಡೋದಿಲ್ಲ. ಮುಂದಿನ ಸೋಮವಾರ ಎರಡನೇ ಇಂಜೆಕ್ಷನ್. ಅಂದೇ ಅತ್ತೆಯನ್ನೂ ಅವರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ.