ಅರ್ಧ ಓಣಿಯ ಹುಟ್ಟುಹಬ್ಬ

ಜೂನ್ 1, 2025, ಭಾನುವಾರ
ಗದಗ

ಬೆಳಗ್ಗೆಯಿಂದ ವಾಟ್ಸಾಪ್ ತುಂಬ ಬರೀ ಕೇಕು, ಹೂವು. ನಮ್ಮ ಓಣಿಯ ಗ್ರೂಪಿನಲ್ಲಿ ಅರವತ್ತು ದಾಟಿದವರ ಪೈಕಿ ಅರ್ಧ ಮಂದಿಯ ಹುಟ್ಟುಹಬ್ಬ ಇವತ್ತೇ. ಈ ಕಡೆ ಬೆಳೆದವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. ಸಾಲಿಗೆ ಹೆಸರು ಹಚ್ಚುವಾಗ ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ನಮ್ಮ ಓಣಿಯ ಮಟ್ಟಿಗೆ ಹಾಗೆ ಬರೆದವಳು ನಮ್ಮ ಆಯಿ, ಅಪ್ಪನ ತಾಯಿ. ಊರಿಗೆಲ್ಲ ಬೆಟಗೇರಿ ಕನ್ನಡ ಸಾಲಿಯ ಅಕ್ಕೋರು.

ಆಯಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಆಗ ಮುಲ್ಕಿ ಆದರೆ ಕನ್ನಡ ಸಾಲಿಯ ನೌಕರಿ ಸಿಗುತ್ತಿತ್ತು. 1950ರಲ್ಲಿ ಸೇರಿದಾಗ ಗದಗ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೂತ ಕುರ್ಚಿಯಿಂದ ಏಳದೆಯೇ ಮೈಸೂರು ರಾಜ್ಯಕ್ಕೆ ಬಂದಳು. ಮರುವರ್ಷ ಏಪ್ರಿಲ್‌ನಲ್ಲಿ ನಯೇ ಪೈಸೆ ಬಂತು. ಹದಿನಾರಾಣೆಗೆ ಒಂದು ರೂಪಾಯಿ ಅಂತ ಕಲಿಸಿದ ಹುಡುಗರಿಗೇ ಈಗ ನೂರು ಪೈಸೆಯ ಲೆಕ್ಕ. ನಾಲ್ಕಾಣೆಗೆ ಇಪ್ಪತ್ತೈದು ಪೈಸೆ, ಅದು ಸರಿಹೋಯಿತು. ಒಂದಾಣೆಗೆ ಆರೂಕಾಲು! ಆ ಕಾಲು ಪೈಸೆ ಎಲ್ಲಿ ಹೋತ್ರೀ ಅಂತ ಹುಡುಗರು ಕೇಳಿದರೆ, "ಅಂಗಡಿಯವನ ಗಲ್ಲಾಕ್ಕ" ಅನ್ನುತ್ತಿದ್ದಳಂತೆ.

ತಾರೀಖಿನ ವಿಷಯಕ್ಕೆ ಬರುತ್ತೇನೆ. ಜೂನ್ ಬಂತೆಂದರೆ ಆಯಿಯ ಮೇಜಿನ ಮುಂದೆ ತಾಯಂದಿರ ಸಾಲು. ಮೊದಲು ಕೂಸಿನ ಬಲಗೈ ಎತ್ತಿಸಿ, ನೆತ್ತಿಯ ಮೇಲಿಂದ ಎಡಗಿವಿ ಮುಟ್ಟಿಸುವುದು. ಬೆರಳು ಕಿವಿಗೆ ಮುಟ್ಟಿದರೆ ಆರು ವರ್ಷ ಆಗಿದೆ ಅಂತ ಲೆಕ್ಕ. ಕೂಸು ಹೆಣ್ಣಾಗಿದ್ದು ಬೆರಳು ಒಂದಿಷ್ಟೇ ಕಡಿಮೆ ಬಿದ್ದರೆ, ಆಯಿ ತಾನೇ ಅದರ ತಲೆಯನ್ನು ಚೂರು ವಾಲಿಸುತ್ತಿದ್ದಳು. "ಮುಂದಿನ ವರ್ಷ ಬಾ ಅಂದ್ರ ಮುಂದಿನ ವರ್ಷ ಯಾರು ಕಳಸ್ತಾರ?" ಅನ್ನುವುದು ಅವಳ ವಾದ. ಗಂಡು ಹುಡುಗರಿಗೆ ಈ ರಿಯಾಯಿತಿ ಇರಲಿಲ್ಲ.

ಆಮೇಲೆ ಹುಟ್ಟಿದ್ದು ಯಾವಾಗ ಅಂತ ಕೇಳುವುದು. "ಕಾರಹುಣ್ಣಿಮಿ ಮುಂದ ನೋಡ್ರಿ ಅಕ್ಕೋರ", "ಗಾಂಧಿ ಸತ್ತ ವರ್ಷ", "ನಮ್ಮತ್ತಿ ತೀರಿಕೊಂಡ ಮರು ಸುಗ್ಗ್ಯಾಗ." ಗಾಂಧಿಯ ವರ್ಷ ಸುಲಭ, 1948. ಅತ್ತೆಯ ಸುಗ್ಗಿ ಹಿಡಿಯುವುದು ಕಷ್ಟ, ಅದಕ್ಕೆ ಅಕ್ಕಪಕ್ಕದವರ ಸಾಕ್ಷಿ ಬೇಕು. ವರ್ಷದ ಬಗ್ಗೆ ಆಯಿ ಇಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದಳು. ತಿಂಗಳು, ದಿನದ ಬಗ್ಗೆ ಮಾತ್ರ ಇಲ್ಲವೇ ಇಲ್ಲ. ಸಾಲಿ ಸುರುವಾಗುವುದು ಜೂನ್‌ನಲ್ಲಿ, ಅಷ್ಟೊತ್ತಿಗೆ ಆರು ತುಂಬಿರಬೇಕು, ಅಂದಮೇಲೆ ಜೂನ್ 1. ಮುಗೀತು.

ಹೆಸರು ಹಚ್ಚುವುದು ಒಂದು ದಿನದ ಕೆಲಸ, ಹಚ್ಚಿದ ಹುಡುಗಿಯನ್ನು ಉಳಿಸಿಕೊಳ್ಳುವುದು ವರ್ಷವಿಡೀ. ಬೆಟಗೇರಿ ನೇಕಾರರ ಊರು. ಅಪ್ಪ ಕುಣಿಮಗ್ಗದಲ್ಲಿ ಕೂತರೆ, ಮಗಳು ರಾಟಿ ತಿರುಗಿಸಿ ಕಂಡಿಕಿ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ, ಸುತ್ತಿ ಕೊಡಬೇಕು. ಕಂಡಿಕಿ ತೀರಿದರೆ ಲಾಳಿ ನಿಂತಿತು, ಲಾಳಿ ನಿಂತರೆ ಆ ದಿನದ ಕೂಲಿಗೆ ಕತ್ತರಿ. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆಯೇನೋ ಬಂತು. ಆದರೆ ಮಗ್ಗದ ಮುಂದೆ ನಿಂತು ಕಾಯ್ದೆ ಹೇಳಿದರೆ ಕೇಳುವವರು ಯಾರು? ಆಯಿ ಚೌಕಾಸಿಗೆ ಇಳಿಯುತ್ತಿದ್ದಳು. ಮುಂಜಾನೆಯ ಕಂಡಿಕಿ ಮುಗಿಸಿ ಹುಡುಗಿ ತಡವಾಗಿ ಬರಲಿ, ನಡೆಯುತ್ತದೆ. ತಮ್ಮನನ್ನು ಸೊಂಟದ ಮೇಲೆ ಹೊತ್ತು ತರಲಿ, ಅದೂ ನಡೆಯುತ್ತದೆ. ತಪಾಸಣೆಗೆ ಸಾಹೇಬರು ಬಂದಾಗ ಮೂಲೆಯಲ್ಲಿ ಯಾವುದೋ ಕೂಸು ಅತ್ತರೆ, "ಇದು ಮುಂದಿನ ವರ್ಷದ ದಾಖಲಾತಿ ಸಾಹೇಬ್ರ" ಅಂದಿದ್ದಳಂತೆ. ಇದನ್ನು ಆಯಿ ಹೇಳಿಲ್ಲ, ಆ ಕೂಸನ್ನು ಹೊತ್ತು ತಂದ ಅಕ್ಕ ಹೇಳಿದ್ದು. ಆಕೆ ಮುಂದೆ ನರ್ಸ್ ಆದಳು. ಆಯಿ ತೀರಿಕೊಂಡಾಗ ಮನೆಗೆ ಬಂದು ನನ್ನೆದುರೇ ಕೂತು, ಅಳುವ ಮನೆಯಲ್ಲಿ ನಗಿಸಿ ಹೋದಳು.

ಮನೆಯಲ್ಲಿ ಆಯಿ ಬೇರೆಯವಳಾಗಿದ್ದಳು ಅಂತ ಬರೆಯೋಣ ಅಂದರೆ, ಖರೇ ಹೇಳ್ತೀನಿ, ಅಂಥದ್ದೇನೂ ಇರಲಿಲ್ಲ. ರಿಟೈರ್ ಆದಮೇಲೂ ಕೆಂಪು ಪೆನ್ನು ಕನ್ನಡಕದ ಡಬ್ಬಿಯಲ್ಲೇ ಇತ್ತು. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಬರವಿಲ್ಲ, ಕಾಗುಣಿತದ ತಪ್ಪಿಗೂ ಬರವಿಲ್ಲ. ಹಾಗಾಗಿ ಮದುವೆ ಕಾರ್ಡಿನ ಪ್ರೂಫು ಮೊದಲು ನಮ್ಮ ಪಡಸಾಲೆಗೆ ಬರುತ್ತಿತ್ತು. 'ಆಶಿರ್ವಾದ'ದ ಶಿಗೆ ದೀರ್ಘ ಎಳೆದು ಎಳೆದು ಅವಳಿಗೆ ಸಾಕಾಗಿತ್ತು. ಶೇಂಗಾ ಹಿಂಡಿ ಬೇಕು ಅಂತ ಕೇಳಿದರೆ ಹದಿನೇಳರ ಮಗ್ಗಿ ಹೇಳು ಅನ್ನುತ್ತಿದ್ದಳು. ಹೇಳಿ ಮುಗಿಸುವಷ್ಟರಲ್ಲಿ ರೊಟ್ಟಿ ತಣ್ಣಗಾಗಿರುತ್ತಿತ್ತು. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅವಳ ದಾಖಲೆಯಲ್ಲೂ ಜೂನ್ 1 ಇತ್ತು, ಅವಳ ಕಾಲದ ಯಾವುದೋ ಮಾಸ್ತರು ಬರೆದದ್ದು. ಅದೇ ಲೆಕ್ಕದಲ್ಲಿ 1990ರ ಮೇ 31ಕ್ಕೆ ರಿಟೈರ್ ಆದಳು. ಇದು ಸರಿ. ಆದರೆ ಅಪ್ಪನದು? ಅಪ್ಪ ಹುಟ್ಟಿದ್ದು 1958ರ ಶ್ರಾವಣದಲ್ಲಿ. ಹೆತ್ತವಳಿಗೆ ದಿನ, ಗಳಿಗೆ ಎಲ್ಲ ಬಾಯಿಪಾಠ. ಆದರೂ ತನ್ನ ಕೈಯಾರೆ ಬರೆದದ್ದು ಜೂನ್ 1! 2018ರ ಮೇ 31ಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಬಂದ ಅಪ್ಪ, ಎರಡು ತಿಂಗಳ ಪಗಾರ ಹೋಯಿತಲ್ಲ ಅಂತ ತಾಯಿಯ ಮುಂದೆ ಗೊಣಗಿದ. ಎಂಬತ್ತಾರರ ಆಯಿ ಹಾಸಿಗೆಯಲ್ಲೇ ಎದ್ದು ಕೂತಳು.

"ಸಾಲ್ಯಾಗ ಎಲ್ಲಾರಿಗೂ ಒಂದ ತಾರೀಖು. ನೀ ಅಕ್ಕೋರ ಮಗಾ ಅಂತ ನಿನಗೊಂದು ಬ್ಯಾರೆ ಕೊಡಬೇಕಿತ್ತೇನು?"