ಭಾಯ್ ಕೇಳಿದ ಲೆಕ್ಕ

ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಗ ಇಂಟರ್ನ್‌ಶಿಪ್‌ಗೆಂದು ಒಂದು ಕಸಾಯಿಖಾನೆಗೆ ಹೋಗಿದ್ದೆ. ಯಾವ ಊರಿನದು ಅನ್ನೋದು ಬೇಡ. ಜುಲೈ ತಿಂಗಳು, ಬೆಳಗಿನ 5 ಗಂಟೆ, ಜಿಟಿಜಿಟಿ ಮಳೆ. ಗಮ್‌ಬೂಟಿನ ಒಳಗೂ ನೀರು.

2021ರಲ್ಲಿ ಹೊಸ ಕಾಯ್ದೆ ಜಾರಿಯಾದ ಮೇಲೆ ನಮ್ಮಲ್ಲಿ ಹಸು, ಎತ್ತು ಕಡಿಯುವ ಹಾಗಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಅದಕ್ಕೂ ಸರ್ಟಿಫಿಕೇಟ್ ಬೇಕು. ಹಾಗಾಗಿ ಅಲ್ಲಿ ನಿಂತಿದ್ದವೆಲ್ಲ ಮುದಿ ಜೀವಗಳೇ. ಅಂದರೆ ಒಂದೊಂದೂ 13 ಮಳೆಗಾಲ ಗದ್ದೆ ಬದುವಿನಲ್ಲಿ, ಹಳ್ಳದ ಅಂಚಿನಲ್ಲಿ ಮೇದು ಬಂದಿದ್ದವು. ಈ ಮಾತು ಮುಂದೆ ಬೇಕಾಗುತ್ತದೆ.

ಜೀವಂತ ಇರುವಾಗಿನ ತಪಾಸಣೆ ಬೇಗ ಮುಗಿಯಿತು. ಒಂದು ಎಮ್ಮೆಯ ಕಣ್ಣಿನ ಕೆಳ ರೆಪ್ಪೆ ಮಡಚಿ ನೋಡಿದರೆ ಪೂರ್ತಿ ಬಿಳಿಚಿಕೊಂಡಿತ್ತು. "ನೆನಪಿಟ್ಕೋ ಇದನ್ನ" ಅಂದರು ಡಾಕ್ಟರು.

ಒಂದು ಗಂಟೆಯ ನಂತರ ಅದರ ಲಿವರ್ ಮೇಜಿನ ಮೇಲಿತ್ತು. ಅಂಚು ಗಟ್ಟಿ, ಮೇಲ್ಮೈ ಉಬ್ಬುತಗ್ಗು. ಡಾಕ್ಟರು ನನ್ನ ಕೈಗೆ ಚಾಕು ಕೊಟ್ಟರು. ಒಳಬದಿಯಲ್ಲಿ ಪಿತ್ತನಾಳಕ್ಕೆ ಅಡ್ಡಲಾಗಿ ಕೊಯ್ದು ಹೆಬ್ಬೆರಳಿನಿಂದ ಒತ್ತಿದೆ. ಕಂದು ಬಣ್ಣದ ರಸದ ಜೊತೆ ಎಲೆಯಂಥ ಚಪ್ಪಟೆ ಹುಳುಗಳು ಜಾರಿ ಬಂದವು. ಕೆಲವು ಎರಡು ಇಂಚು ಉದ್ದ, ಇನ್ನೂ ಮಿಸುಕುತ್ತಿದ್ದವು. ಲಿವರ್ ಫ್ಲೂಕ್, ಅಂದರೆ ಲಿವರಿನಲ್ಲಿ ಸೇರಿಕೊಂಡು ರಕ್ತ ಹೀರುವ ಹುಳು. ಕಣ್ಣಿನ ರೆಪ್ಪೆ ಬಿಳಿಚಿದ್ದು ಇದರಿಂದಲೇ. ಪರೀಕ್ಷೆಯಲ್ಲಿ ಇದರ ಮೇಲೆ ಎರಡು ಪುಟ ಬರೆದಿದ್ದೆ, ಆದರೂ ಕೈ ಹಿಂದಕ್ಕೆ ಎಳೆದುಕೊಂಡೆ.

"ಹುಳ ಇರೋ ಕಡೆ ಕೊಯ್ದು ತೆಗೀರಿ ಸಾರ್, ಉಳಿದಿದ್ದು ಕೊಡಿ" ಅಂದರು ಆ ಎಮ್ಮೆ ಕೊಂಡು ತಂದಿದ್ದ ಮಾಂಸದ ವ್ಯಾಪಾರಿ, ಎಲ್ಲರ ಬಾಯಲ್ಲೂ ಭಾಯ್. ಸ್ವಲ್ಪವೇ ಹಾಳಾಗಿದ್ದರೆ ಹಾಗೆ ಕೊಡಬಹುದು. ಹಿಂದಿನ ಎಮ್ಮೆಯದನ್ನು ಡಾಕ್ಟರು ಹಾಗೇ ಕೊಟ್ಟಿದ್ದರು. ಇದು ಪೂರ್ತಿ ಕೆಟ್ಟಿತ್ತು. ಭಾಯ್ ಸಿಟ್ಟು ಮಾಡಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು: "ಐದು ಕೆಜಿ ಇದೆ ಮೇಡಂ. ಸಾವಿರ ರೂಪಾಯಿ ಹೋಯ್ತು. ನಾನು ಎಮ್ಮೆಗೆ ಪೂರ್ತಿ ದುಡ್ಡು ಕೊಟ್ಟಿದ್ದೀನಿ. ಇದು ಯಾರ ಲೆಕ್ಕಕ್ಕೆ?"

ಉತ್ತರ ಗೊತ್ತಿರಲಿಲ್ಲ. ಅಷ್ಟರಲ್ಲಿ ಇನ್ನೊಂದರ ಶ್ವಾಸಕೋಶದಲ್ಲಿ ನಿಂಬೆಗಾತ್ರದ ನೀರುಗುಳ್ಳೆ ಸಿಕ್ಕಿತು. ಅಲ್ಲಿದ್ದ ಹುಡುಗ ಅಭ್ಯಾಸಬಲದಿಂದ ಅದನ್ನು ಬಾಗಿಲ ಕಡೆ ಎಸೆಯಲು ಕೈ ಎತ್ತಿದ. ಹೊರಗೆ ಮೂರು ನಾಯಿ ಮಳೆಯಲ್ಲೇ ಕಾದು ಕೂತಿದ್ದವು. ಡಾಕ್ಟರು ಕೂಗಿದ್ದು ನೋಡಿ ನಾನೇ ಬೆಚ್ಚಿದೆ. ಆ ಗುಳ್ಳೆ ತಿಂದ ನಾಯಿಯ ಕರುಳಿನಲ್ಲಿ ಅದು ಲಾಡಿಹುಳು ಆಗುತ್ತದೆ. ಅದರ ಮೊಟ್ಟೆ ನಾಯಿಯ ಮಲದಲ್ಲಿ ಬಂದು ಹುಲ್ಲಿಗೆ, ಸೊಪ್ಪಿಗೆ, ನಮ್ಮ ಕೈಗೆ ಹತ್ತುತ್ತದೆ. ಮನುಷ್ಯರ ಲಿವರಿನಲ್ಲೂ ಅದೇ ಗುಳ್ಳೆ ಬೆಳೆಯುತ್ತದೆ. ಹಾಗಾಗಿ ಇಂಥದ್ದನ್ನೆಲ್ಲ ಗೀರಿ, ಫಿನಾಯಿಲ್ ಸುರಿದು, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಗುಂಡಿ ನೋಡಿದೆ. ಮಳೆನೀರು ತುಂಬಿ ತುಳುಕುತ್ತಿತ್ತು, ಮುಚ್ಚಳವೂ ಇರಲಿಲ್ಲ.

ಕೊನೆಗೆ ರಿಜಿಸ್ಟರ್ ಬರೆಯಲು ಕೂತೆ. ಅಂಗ, ಕಾರಣ, ತೂಕ. ಎಮ್ಮೆಯ ಕಿವಿಯಲ್ಲಿ 12 ಅಂಕಿಯ ಗುರುತಿನ ಸಂಖ್ಯೆ ಇರುವ ಹಳದಿ ಓಲೆ ಇತ್ತು, ಅದಕ್ಕೊಂದು ಕಾಲಂ ಇರಲಿಲ್ಲ. ಅಂದರೆ ಈ ಲಿವರ್ ಹುಳು ಯಾವ ಕೊಟ್ಟಿಗೆಯಿಂದ ಬಂತು ಅಂತ ಆ ಪುಸ್ತಕ ನೋಡಿದವರಿಗೆ ತಿಳಿಯುವುದಿಲ್ಲ. ಸಾಕಿದವರಿಗೂ ತಿಳಿಯುವುದಿಲ್ಲ. ಅವರ ಉಳಿದ ದನ ಅದೇ ಹಳ್ಳದ ಅಂಚಿನಲ್ಲಿ ಮೇಯುತ್ತಿರುತ್ತವೆ. ಅಲ್ಲಿನ ಪುಟ್ಟ ಬಸವನಹುಳುವಿನೊಳಗೆ ಬೆಳೆದ ಲಿವರ್ ಹುಳುವಿನ ಮರಿಗಳು ಹೊರಬಂದು ನೀರಿನಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತವೆ, ಆ ಹುಲ್ಲು ಮೇದ ದನದ ಹೊಟ್ಟೆ ಸೇರುತ್ತವೆ. ಹುಳುವಿನಿಂದ ದಿನಕ್ಕೆ ಅರ್ಧ ಲೀಟರ್ ಹಾಲು ಇಳಿಯಿತು ಅಂತಿಟ್ಟುಕೊಳ್ಳಿ. 300 ದಿನ ಕರೆದರೆ 150 ಲೀಟರ್. ಭಾಯಿಯ ಸಾವಿರ ರೂಪಾಯಿ ಕಣ್ಣಿಗೆ ಕಂಡಿತು. ಈ ಹಾಲನ್ನು ಎಲ್ಲರೂ ಸುಮ್ನೆ "ಎಮ್ಮೆಗೆ ವಯಸ್ಸಾಯ್ತು" ಅಂತ ಬಿಟ್ಟುಬಿಡುತ್ತಾರೆ.

ರೂಮಿಗೆ ಬಂದು ಎರಡು ಸಲ ಸ್ನಾನ ಮಾಡಿ ಮನೆಗೆ ಫೋನ್ ಹಚ್ಚಿದೆ. ನಮ್ಮ ಮನೆ ತೀರ್ಥಹಳ್ಳಿ ಕಡೆ, ತೋಟದ ಕೆಳಗೇ ಹಳ್ಳ.

"ಅಪ್ಪಯ್ಯ, ಎಮ್ಮೆ ಎಲ್ಲಿ ಕಟ್ಟಿದ್ದೀರಿ?"

"ಹಳ್ಳದ ಬದಿಗೆ ಮಾರಾಯ್ತಿ. ಒಳ್ಳೆ ಹುಲ್ಲು ಬಂದಿದೆ. ಹಾಲೇ ಯಾಕೋ ಕಮ್ಮಿ ಆಗಿದೆ."

"ಹುಳದ ಔಷಧಿ ಕುಡಿಸಿ ಎಷ್ಟು ದಿನ ಆಯ್ತು?"

ಅಪ್ಪಯ್ಯ ಒಳಗೆ ತಿರುಗಿ ಅಮ್ಮನನ್ನು ಕೇಳಿದರು. "ಯಾವ ಔಷಧಿ?" ಅಂತ ಅಮ್ಮ ಅಡುಗೆಮನೆಯಿಂದ ಹೇಳಿದ್ದು ನನಗೂ ಕೇಳಿಸಿತು.