ಮೋರಿ, ಸಂಪು, ಒಂದು ಬಾಟಲಿ: ಹಿಂಗಾರಿಗೆ ನಮ್ಮ ಬೀದಿಯ ತಯಾರಿ

ಹುಬ್ಬೆ ಮಳೆ, ಸೆಪ್ಟೆಂಬರ್ ಮೊದಲ ವಾರ

ಬೆಂಗಳೂರಿಗೆ ಜೂನ್-ಜುಲೈ ಮಳೆಯ ಭಯ ಅಷ್ಟಾಗಿ ಇಲ್ಲ. ಜಿಟಿಜಿಟಿ ಅಂತ ಹನಿದು ಸುಮ್ಮನಾಗುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ಮಳೆ ಹಾಗಲ್ಲ. ಮಧ್ಯಾಹ್ನ ಸುಡುಬಿಸಿಲು, ಸಂಜೆ ಗುಡುಗು, ರಾತ್ರಿ ಬೀದಿ ತುಂಬ ನೀರು. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆವರೆಗಿನ 24 ಗಂಟೆಯಲ್ಲಿ ನಗರಕ್ಕೆ 131.6 ಮಿ.ಮೀ. ಮಳೆ ಬಿತ್ತು. ಹೊರವರ್ತುಲ ರಸ್ತೆ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನಮ್ಮನೆ ಸಂಪಿಗೆ ಮೋರಿ ನೀರು ನುಗ್ಗಿತು. ಮೂರು ಸಲ ತೊಳೆಸಿದರೂ ವಾಸನೆ ಹೋಗಲಿಲ್ಲ.

ಊರನ್ನೇ ಸರಿ ಮಾಡಲು ಹೊರಟಿಲ್ಲ. ನಮ್ಮ ಅಡ್ಡರಸ್ತೆ, ಹದಿನಾರು ಮನೆ, ಅಷ್ಟೆ. ನಾವಿರುವುದು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಇಳಿಜಾರಿನಲ್ಲಿ. ನಮ್ಮ ಮೋರಿ ನೀರು ರಾಜಕಾಲುವೆ ಸೇರಿ ಬೆಳ್ಳಂದೂರು ಕೆರೆಗೆ ಹೋಗುತ್ತದೆ. ಹತ್ತಿರದಲ್ಲೇ ಎಸ್.ಟಿ. ಬೆಡ್ ಬಡಾವಣೆ ಇದೆ. ಎಸ್.ಟಿ. ಅಂದರೆ ಶ್ರೀನಿವಾಗಿಲು ಟ್ಯಾಂಕ್. ಕೆರೆಯಂಗಳ ಅಂತ ಹೆಸರಲ್ಲೇ ಬರೆದುಕೊಂಡಿದ್ದೇವೆ, ನೀರು ಬಂದರೆ ಆಶ್ಚರ್ಯ ಯಾಕೆ ಅಲ್ವಾ?

ಉತ್ತರೆ, ಸೆಪ್ಟೆಂಬರ್ ಮೂರನೇ ವಾರ

ಮಳೆ ಅಳೆಯೋ ಬಾಟಲಿ ರೆಡಿ. ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆ ಥರ ಕೂರಿಸಿದೆ. ತಳ ಉಬ್ಬುತಗ್ಗು ಇರುತ್ತದಲ್ಲ, ಅಲ್ಲಿ ಸಣ್ಣ ಕಲ್ಲು ತುಂಬಿ ನೀರು ಹಾಕಿ, ಆ ಮಟ್ಟಕ್ಕೆ ಸೊನ್ನೆ ಅಂತ ಗೆರೆ ಎಳೆದೆ. ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸಿದರೆ ಆಯಿತು. ಮೊದಲ ದಿನ ಅದನ್ನು ಟ್ಯಾಂಕಿನ ಗೋಡೆ ಪಕ್ಕ ಇಟ್ಟು ಕೆಟ್ಟೆ. ಗಾಳಿ ಮಳೆಗೆ ಗೋಡೆ ಅಡ್ಡ ಬಂದು ಅರ್ಧ ನೀರೂ ಬೀಳಲಿಲ್ಲ. ಎರಡನೇ ದಿನ ಬಾಟಲಿಯೇ ಹಾರಿ ಪಕ್ಕದ ಮನೆ ತುಳಸಿಕಟ್ಟೆಗೆ ಹೋಗಿತ್ತು. ಈಗ ತಾರಸಿ ಮಧ್ಯೆ ಮರಳು ತುಂಬಿದ ಕುಂಡದಲ್ಲಿ ಹೂತಿದ್ದೇನೆ.

ದಿನದ ಒಟ್ಟು ಮಳೆಗಿಂತ ಅದು ಎಷ್ಟು ಹೊತ್ತಿನಲ್ಲಿ ಬಿತ್ತು ಅನ್ನುವುದೇ ನಮಗೆ ಮುಖ್ಯ. ದಿನವಿಡೀ 40 ಮಿ.ಮೀ. ಸುರಿದರೆ ಮೋರಿ ನುಂಗಿಕೊಳ್ಳುತ್ತದೆ. ಅದೇ 40 ಒಂದು ಗಂಟೆಯಲ್ಲಿ ಸುರಿದರೆ ಬೀದಿಯೇ ಮೋರಿ. ಹಾಗಾಗಿ ಮಳೆ ಶುರುವಾದ ಮೇಲೆ ಹದಿನೈದು ನಿಮಿಷಕ್ಕೊಮ್ಮೆ ಕೊಡೆ ಹಿಡಿದು ತಾರಸಿ ಹತ್ತುತ್ತೇನೆ. ಹೆಂಡತಿ ನೋಡಿ ನಗುತ್ತಾಳೆ.

ಭಾನುವಾರ ಮೋರಿ ಸರ್ವೆ ಮಾಡಿದೆವು. ರಸ್ತೆ ನೀರು ಮೋರಿಗೆ ಇಳಿಯಲು ಅಂಚುಕಲ್ಲಿನಲ್ಲಿ ತೂತು ಬಿಟ್ಟಿರುತ್ತಾರೆ. ನಮ್ಮ ಬೀದಿಯಲ್ಲಿ ಅಂಥವು ಹನ್ನೊಂದು. ಐದು ಪೂರ್ತಿ ಮುಚ್ಚಿದ್ದವು. ಕಸದಿಂದ ಅಲ್ಲ, ಟಾರಿನಿಂದ. ಹಳೇ ಟಾರು ಕೀಳದೆ ಅದರ ಮೇಲೇ ಮತ್ತೆ ಮತ್ತೆ ಹಾಕಿ ರಸ್ತೆ ಎತ್ತರವಾಗಿದೆ, ತೂತು ಕೆಳಗೆ ಸಿಕ್ಕಿಕೊಂಡಿದೆ. ಹಾರೆಯಲ್ಲಿ ಮೂರನ್ನು ಬಿಡಿಸಿದೆವು. ಉಳಿದ ಎರಡಕ್ಕೆ ದೂರು ಕೊಟ್ಟೆ. ‘ಪರಿಹರಿಸಲಾಗಿದೆ’ ಅಂತ ಮೆಸೇಜ್ ಬಂತು. ಯಾರೂ ಬರಲಿಲ್ಲ.

ಹಸ್ತ, ಆಯುಧಪೂಜೆ ಮಾರನೇ ದಿನ

ಇದನ್ನು ಮೊದಲೇ ಯೋಚಿಸಬೇಕಿತ್ತು. ಪ್ರತಿ ಗೇಟಿಗೂ ಬಾಳೆಕಂದು, ಪ್ರತಿ ಗಾಡಿ ಮುಂದೆಯೂ ಒಡೆದ ಬೂದುಗುಂಬಳ, ಎಲ್ಲ ಕಡೆ ಚೆಂಡುಹೂವು. ಸಂಜೆ ಮಳೆ ಬಂತು. ಮೂಲೆಯ ಜಾಲರಿ ಮೇಲೆ ಬಾಳೆಎಲೆ ಚಾಪೆ ಹಾಸಿದ ಹಾಗೆ ಕೂತಿತ್ತು. ಕೈ ಹಾಕಿ ಎಳೆದೆ. ಬಚ್ಚಲು ತೂತು ಬಿಚ್ಚಿದ ಹಾಗೆ ಗುಳುಗುಳು ಅಂತ ನೀರು ಸುತ್ತಿಕೊಂಡು ಇಳಿಯಿತು. ಐದು ನಿಮಿಷದಲ್ಲಿ ಮೂಲೆ ಖಾಲಿ. ಮುಂದಿನ ವರ್ಷ ಹಬ್ಬದ ಸಂಜೆಯೇ ಬಾಳೆಕಂದು ಒಟ್ಟುಮಾಡಿ ಹಸುಗಳಿಗೆ ಕೊಡಬೇಕು.

ಅವತ್ತೇ ಇನ್ನೊಂದು ಗೊತ್ತಾಯಿತು, ಸ್ವಲ್ಪ ನಾಚಿಕೆಯ ವಿಷಯ. ತಗ್ಗಿನ ಕೊನೇ ಮನೆ ಅಜ್ಜಿಯ ಬಚ್ಚಲಲ್ಲಿ ಮಳೆ ಬಂದಾಗಲೆಲ್ಲ ಕೊಳಚೆ ಉಕ್ಕುತ್ತದೆ. ಪ್ಲಂಬರ್ ಒಳಚರಂಡಿ ಚೇಂಬರ್ ಮುಚ್ಚಳ ಒಂದೊಂದೇ ತೆಗೆಯುತ್ತಾ ನಮ್ಮನೆ ಮುಂದೆ ನಿಂತ. "ಸಾರ್, ನಿಮ್ ತಾರಸಿ ಪೈಪೇ ಚೇಂಬರ್‌ಗೆ ಕೊಟ್ಟವ್ರಲ್ಲ!"

ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ನಮ್ಮ ತಾರಸಿ 80 ಚದರ ಮೀಟರ್. 50 ಮಿ.ಮೀ. ಬಿದ್ದರೆ 4,000 ಲೀಟರ್. ಕಕ್ಕಸಿನ ನೀರಿಗೆ ಅಂತ ಮಾಡಿದ ಪೈಪಿಗೆ ಅಷ್ಟನ್ನೂ ಸುರಿದು, ಮೂರು ವರ್ಷ ‘ಮೋರಿ ಸರಿ ಇಲ್ಲ ಅಜ್ಜಿ’ ಅಂತ ಅವರಿಗೆ ಸಮಾಧಾನ ಹೇಳಿದ್ದೆ.

ಚಿತ್ತೆ, ಅಕ್ಟೋಬರ್ ಮಧ್ಯ

ಜಯನಗರ 5ನೇ ಬ್ಲಾಕಿನ ಮಳೆನೀರು ಕೊಯ್ಲು ಪಾರ್ಕಿಗೆ ಹೋಗಿ ಫಿಲ್ಟರ್ ಮಾದರಿ ನೋಡಿಕೊಂಡು ಬಂದೆ. ಮಳೆ ಬಿಡುವು ಕೊಟ್ಟಾಗ ಇಂಗುಬಾವಿ ತೋಡಿಸಿ, ತಾರಸಿ ಪೈಪನ್ನು ಚೇಂಬರಿನಿಂದ ಬಿಡಿಸಿ ಅದಕ್ಕೆ ತಿರುಗಿಸಿದೆ. ಮೂರು ಅಡಿ ಅಗಲ, 20 ಅಡಿ ಆಳ. ಇದರ ಹೊಟ್ಟೆಗೂ ಹೆಚ್ಚುಕಡಿಮೆ 4,000 ಲೀಟರೇ ಹಿಡಿಯುತ್ತದೆ. ತೋಡಿದವರು ಮಣ್ಣು ವಡ್ಡರು. ಒಬ್ಬರು ಒಳಗೆ ಕುಕ್ಕರಗಾಲಲ್ಲಿ ಕೂತು ಗುದ್ದಲಿ ಹಾಕಿದರೆ, ಮೇಲಿಬ್ಬರು ಹಗ್ಗದಲ್ಲಿ ಮಣ್ಣು ಸೇದುತ್ತಿದ್ದರು. ರಿಂಗು ಇಳಿಸಿ ಸುತ್ತ ಜಲ್ಲಿ ತುಂಬಿದರು. ಸಂದಿಗೆ ಸಿಮೆಂಟ್ ಬೇಡವೇ ಅಂದೆ. "ಸಂದಿ ಮುಚ್ಚಿದ್ರೆ ನೀರು ಎಲ್ಲಿ ಹೋಗ್ಬೇಕು ಸಾಮಿ?" ಅಂದರು ಹಿರಿಯರು.

ಸಂಪಿನ ಬಾಯಿಗೂ ನಾಲ್ಕಿಂಚಿನ ಬ್ಲಾಕ್ ಒಂದು ವರಸೆ ಕಟ್ಟಿಸಿ ಎತ್ತರಿಸಿದೆ. ಅರ್ಧ ದಿನದ ಕೆಲಸ. ಇಷ್ಟು ದಿನ ಯಾಕೆ ಮಾಡಿರಲಿಲ್ಲವೋ!

ಮೊನ್ನೆ ರಾತ್ರಿ ಪರೀಕ್ಷೆ ಆಯಿತು. ಬಾಟಲಿಯಲ್ಲಿ 50 ನಿಮಿಷಕ್ಕೆ 38 ಮಿ.ಮೀ. ಬೀದಿಯಲ್ಲಿ ನೀರು ನಿಂತಿತು, ಆದರೆ ಗೇಟು ದಾಟಲಿಲ್ಲ. ಬಾವಿ ಮುಕ್ಕಾಲು ತುಂಬಿ ಮರುದಿನ ಸಂಜೆ ಹೊತ್ತಿಗೆ ಇಂಗಿತು. ಅಜ್ಜಿಯ ಬಚ್ಚಲು ಮಾತ್ರ ಮತ್ತೆ ಉಕ್ಕಿತು, ಮೊದಲಿಗಿಂತ ಕಡಿಮೆ. ಅಂದರೆ ಇನ್ನೂ ಯಾರದೋ ತಾರಸಿ ಪೈಪು ಚೇಂಬರಿನಲ್ಲಿದೆ.

ನಾಳೆ ಎದುರುಮನೆಯಿಂದ ಶುರು. ಅವರ ಪೈಪು ಎಲ್ಲಿಗೆ ಹೋಗುತ್ತದೆ ಅಂತ ಅವರಿಗೂ ಗೊತ್ತಿಲ್ಲ. ತಾರಸಿಯಲ್ಲಿ ಒಂದು ಬಕೆಟ್ ಅರಿಶಿನದ ನೀರು ಸುರಿಯುವುದು, ಕೆಳಗೆ ಚೇಂಬರ್ ಮುಚ್ಚಳ ತೆಗೆದು ಕಾಯುವುದು. ಅರಿಶಿನ ಅಜ್ಜಿಯೇ ಕೊಟ್ಟಿದ್ದಾರೆ.